ಇಂಗ್ಲಿಷಿನವರ ದಾರಿಗಳು: ಪಾತ್, ವೇ, ರೋಡ್, ಟ್ರ್ಯಾಕ್… ಯಾವುದು ಎಲ್ಲಿ?

ಪೀಕ್_ನಡಿಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ನಾವು ಕೆಲವು ಕನ್ನಡದ ಮನೆಯವರು ಆಗಾಗ ಪಕ್ಕದ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಾಡಿನ ಕಡೆ ನಡೆಯಲು ಹೋಗುತ್ತೇವೆ. ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವಂದಿರೂ ಜೊತೆಗಿರುತ್ತಾರೆ. ಅವರಿಗಾಗಿ ನಡಿಗೆಯ ವಿವರವನ್ನು ಕನ್ನಡದಲ್ಲಿ ಬರೆದು ಗ್ರೂಪಿಗೆ ಹಾಕುವ ಕೆಲಸ ನನ್ನ ತಲೆಗೆ ಬಂದಿದೆ. ಮುಂದಿನ ಸಲ ಈಡೇಲ್ ಅನ್ನುವ ಹಳ್ಳಿಯಿಂದ ಕಿಂಡರ್ ಸ್ಕೌಟ್ ಗುಡ್ಡಕ್ಕೆ.

ಇಂಗ್ಲಿಷ್ ಕೈಪಿಡಿ ತೆರೆದರೆ ಒಂದೇ ಪುಟದಲ್ಲಿ ‘ಪಾತ್’, ‘ಟ್ರ್ಯಾಕ್’, ‘ಲೇನ್’, ‘ಬ್ರೈಡಲ್‌ವೇ’, ‘ರೋಡ್’, ‘ರೂಟ್’ ಎಲ್ಲಾ ಇವೆ. ಎಲ್ಲದಕ್ಕೂ ‘ದಾರಿ’ ಅಂತ ಹಾಕಿದರೆ “ಈ ದಾರಿಯಲ್ಲಿ ಹೋಗಿ ಆ ದಾರಿ ಸೇರಿ ಎಡಗಡೆ ದಾರಿ ಹಿಡಿಯಿರಿ” ಎಂದಾಗುತ್ತದೆ. ನಮ್ಮ ಮಾವ ಅದನ್ನು ಓದಿದರೆ ಮನೆಯಲ್ಲೇ ಕೂತುಬಿಡುತ್ತಾರೆ. ಇವರ ದಾರಿ ಸುಮ್ಮನೆ ಬಿದ್ದುಕೊಂಡಿರುವುದೂ ಇಲ್ಲ. ಓಡುತ್ತದೆ, ಹತ್ತುತ್ತದೆ, ಬೀಳುತ್ತದೆ, ಗೋಡೆಯನ್ನು ತಬ್ಬುತ್ತದೆ, ಆಮೇಲೆ ಎಲ್ಲೋ ಮಾಯವಾಗುತ್ತದೆ.

ಆಫೀಸಿನಲ್ಲೂ ಇದೇ ಪದಗಳು. ‘ಕೆರಿಯರ್ ಪಾತ್’ ಅನ್ನುತ್ತಾರೆ, ‘ಕೆರಿಯರ್ ರೋಡ್’ ಅನ್ನುವುದಿಲ್ಲ. ‘ರೋಡ್ ಟು ರಿಕವರಿ’ ಉಂಟು, ‘ಲೇನ್ ಟು ರಿಕವರಿ’ ಇಲ್ಲ. ಇದರಲ್ಲಿ ಏನಾದರೂ ಲೆಕ್ಕ ಇದೆಯಾ, ಅಥವಾ ಬಾಯಿಗೆ ಬಂದದ್ದಾ?

ಸಾಗರದ_ಮೇಷ್ಟ್ರು

ಲೆಕ್ಕ ಇದೆ ತಾಯಿ, ಆದರೆ ಒಬ್ಬರೇ ಕೂತು ಹಾಕಿದ ಲೆಕ್ಕವಲ್ಲ. ಇವುಗಳಲ್ಲಿ ‘ವೇ’ ಮತ್ತು ‘ಪಾತ್’ ಹಳೆಯ ಮನೆಯವು. ‘ರೋಡ್’ ಎಂಬುದು ‘ರೈಡ್’ ಮಾತಿನ ಸಂಬಂಧಿ. ಮೊದಲು ಅದಕ್ಕೆ ಕುದುರೆ ಸವಾರಿ ಅಂತಲೇ ಅರ್ಥವಿತ್ತು, ಸವಾರಿ ಮಾಡುವ ನೆಲಕ್ಕೆ ಆ ಹೆಸರು ರೂಢಿಯಾದದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ. ‘ಸ್ಟ್ರೀಟ್’ ಲ್ಯಾಟಿನ್ನಿನಿಂದ ಬಂದದ್ದು, ಕಲ್ಲು ಹಾಸಿದ ದಾರಿ ಎಂದು. ಆದ್ದರಿಂದಲೇ ರೋಮನ್ನರು ಹಾಕಿದ ಹೆದ್ದಾರಿಗಳಿಗೆ ವಾಟ್ಲಿಂಗ್ ಸ್ಟ್ರೀಟ್, ಅರ್ಮಿನ್ ಸ್ಟ್ರೀಟ್ ಎಂಬ ಹೆಸರು ನಿಂತಿದೆ, ಅವು ಹೊಲಗದ್ದೆ ನಡುವೆ ನೂರಾರು ಮೈಲಿ ಹೋದರೂ. ನಾವು ‘ಸ್ಟ್ರೀಟ್ ಎಂದರೆ ಬೀದಿ, ಎರಡೂ ಕಡೆ ಮನೆ ಇರಬೇಕು’ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಈಗಿನ ಬಳಕೆಗೆ ಅದು ಸರಿಯೇ.

ಒಂದು ತಮಾಷೆ. ಲಂಡನ್ನಿನ ನಡುವೆ ‘ಸಿಟಿ ಆಫ್ ಲಂಡನ್’ ಎಂಬ ಹಳೆಯ ಚದರ ಮೈಲಿ ಇದೆಯಲ್ಲ, ಅಲ್ಲಿ ಸ್ಟ್ರೀಟ್, ಲೇನ್, ಆಲಿ ಎಲ್ಲ ಇದ್ದವು, ‘ರೋಡ್’ ಎಂಬ ಹೆಸರಿನದು ಒಂದೂ ಇರಲಿಲ್ಲ. ‘ರೋಡ್’ ಮಾತು ದಾರಿಗೆ ಅಂಟುವ ಮೊದಲೇ ಅಲ್ಲಿನ ಬೀದಿಗಳಿಗೆ ನಾಮಕರಣ ಮುಗಿದಿತ್ತು. 1994ರಲ್ಲಿ ಗಡಿ ಸರಿಪಡಿಸಿದಾಗ ಗೋಸ್ವೆಲ್ ರೋಡಿನ ಅರ್ಧಭಾಗ ಒಳಗೆ ಬಂತು, ಅಷ್ಟೆ.

ಸುಮ್ನೆ_ಓದುವವ

ಮೇಷ್ಟ್ರೇ, ಕೇಳೋಕೆ ಚೆನ್ನಾಗಿದೆ. ಆದರೆ ಅವರಿಗೆ ಬೇಕಿರೋದು ಕಿಂಡರ್ ಗುಡ್ಡ ಹತ್ತೋ ದಾರಿ. ಒಂದೂವರೆ ಸಾವಿರ ವರ್ಷದ ಹಿಂದೆ ಯಾರು ಕುದುರೆ ಹತ್ತಿದರು ಅನ್ನೋದು ತಿಳಿದರೆ ಇವತ್ತು ಎಡಕ್ಕೋ ಬಲಕ್ಕೋ ಗೊತ್ತಾಗುತ್ತಾ?

ವಕೀಲ_ಧಾರವಾಡ

ಗೊತ್ತಾಗ್ತೈತ್ರಿ. ಇಂಗ್ಲೆಂಡಿನ್ಯಾಗ ಕುದುರಿ ಹತ್ತಬಹುದೋ ಇಲ್ಲೋ ಅನ್ನೂದ ಮುಖ್ಯ ಪ್ರಶ್ನೆ. ನಡಿಯವರ ನಕಾಶೆದಾಗ ಇರೂ ಈ ಹೆಸರು ಬರೇ ವರ್ಣನೆ ಅಲ್ಲ, ಹಕ್ಕು. ‘ಪಬ್ಲಿಕ್ ಫುಟ್‌ಪಾತ್’ ಅಂದ್ರ ಕಾಲ್ನಡಿಗಿ ಅಷ್ಟ. ‘ಬ್ರೈಡಲ್‌ವೇ’ ಅಂದ್ರ ನಡದೂ ಹೋಗಬಹುದು, ಕುದುರಿ ಮ್ಯಾಲೂ ಹೋಗಬಹುದು, 1968ರ ಕಾಯ್ದೆ ಬಂದ ಮ್ಯಾಲೆ ಸೈಕಲ್ಲೂ ನಡೀತೈತಿ. ‘ಬೈವೇ’ದಾಗ ಎರಡು ನಮೂನಿ, ಒಂದರಾಗ ಮೋಟಾರು ಬಿಡಂಗಿಲ್ಲ, ಇನ್ನೊಂದರಾಗ ಬಿಡ್ತಾರ. ಗೂಟದ ಮ್ಯಾಲೆ ಬಾಣದ ಗುರ್ತು ಇರ್ತಾವ ನೋಡ್ರಿ ಅಕ್ಕಾರ. ಹಳದಿ ಇದ್ರ ಫುಟ್‌ಪಾತ್, ನೀಲಿ ಇದ್ರ ಬ್ರೈಡಲ್‌ವೇ. ಓಕ್ ಗಿಡದ ಕಾಯಿ ಚಿತ್ರ ಇದ್ರ ಅದು ರಾಷ್ಟ್ರೀಯ ನಡಿಗಿ ಹಾದಿ. ಅಲ್ಲಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್ನೆನ್ಸ್ ಸರ್ವೇದವರ 1:25,000 ನಕಾಶೆದಾಗ ಹಸರು ಸಣ್ಣ ಗೀಟು ಫುಟ್‌ಪಾತ್, ಹಸರು ಉದ್ದ ಗೀಟು ಬ್ರೈಡಲ್‌ವೇ.

‘ಟ್ರ್ಯಾಕ್’ ಅನ್ನೂದು ಇದರಾಗ ಬರಂಗಿಲ್ಲ. ಅದು ಕಣ್ಣಿಗೆ ಕಾಣೂದರ ಹೆಸರು, ಟ್ರ್ಯಾಕ್ಟರು ಹೋಗಿ ಬಂದು ಎರಡು ಗಾಲಿ ಜಾಡು ಬಿದ್ದಿದ್ದು. ಹೊಲದ ನಡುವ ಚಲೋ ಟ್ರ್ಯಾಕ್ ಇದ್ದು ನಿಮಗ ಕಾಲಿಡೂ ಹಕ್ಕು ಇಲ್ಲದಿರಬಹುದು. ಹಂಗ ಹುಲ್ಲಿನ ಮ್ಯಾಲೆ ಒಂದು ಗೆರಿನೂ ಕಾಣದಿದ್ರೂ ಅಲ್ಲಿ ಫುಟ್‌ಪಾತ್ ಇರಬಹುದು, ಕಾಗದದ ಮ್ಯಾಲೆ. ನಮ್ಮ ರೆವಿನ್ಯೂ ಕಚೇರಿಯವರು ‘ನಕಾಶೆ ಕಂಡ ದಾರಿ’ ಅಂತಾರಲ್ಲ, ಅದ.

ಇನ್ನೊಂದು. ಅಲ್ಲೆ 1980ರ ಹೈವೇ ಕಾಯ್ದೆ 31ನೇ ಕಲಮಿನ ಪ್ರಕಾರ ಜನ 20 ವರ್ಷ ಅಡ್ಡಿ ಆತಂಕ ಇಲ್ಲದ, ಕದ್ದು ಮುಚ್ಚಿ ಅಲ್ಲದ, ಯಾರ ಪರವಾನಗಿನೂ ಬೇಡದ ನಡದ್ರ ಅದು ಸಾರ್ವಜನಿಕ ದಾರಿ ಅಂತ ಹಿಡೀಬಹುದು, ಮಾಲೀಕ ತನಗ ಆ ಉದ್ದೇಶ ಇರಲಿಲ್ಲ ಅಂತ ತೋರಿಸದಿದ್ರ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆ 15ನೇ ಕಲಮಿನ್ಯಾಗೂ 20 ವರ್ಷದ ಲೆಕ್ಕನ ಐತಿ. ಆದ್ರ ಅಲ್ಲೆ ಸಿಗೂದು ಊರಿಗೆಲ್ಲ ಹಕ್ಕು, ನಮ್ಮಲ್ಲಿ ಆ ಕಲಮಿನ್ಯಾಗ ಸಿಗೂದು ಬಾಜೂ ಹೊಲದವಗ. ನನ್ನ ಕಡೆ ಬರೂ ಹೊಲದ ದಾರಿ ಖಟ್ಲೆ ಅರ್ಧ ಇದರ ಮ್ಯಾಲನ.

ಪೀಕ್_ನಡಿಗೆ

ವಕೀಲರೇ, ಇದು ನೇರವಾಗಿ ಉಪಯೋಗಕ್ಕೆ ಬಂತು. ಹಾಗಾದರೆ ಫುಟ್‌ಪಾತಿಗೆ ‘ಕಾಲುದಾರಿ’, ಬ್ರೈಡಲ್‌ವೇಗೆ ‘ಕುದುರೆದಾರಿ’, ಟ್ರ್ಯಾಕಿಗೆ ‘ಬಂಡಿಜಾಡು’ ಅಂತ ಇಟ್ಟುಕೊಳ್ಳುತ್ತೇನೆ. ‘ಫುಟ್‌ಪಾತ್’ ಅಂತಲೇ ಬರೆದರೆ ನಮ್ಮ ಮಾವನಿಗೆ ಗಾಂಧಿ ಬಜಾರಿನಲ್ಲಿ ಹೂ ಮಾರುವ ಜಾಗ ಕಣ್ಣೆದುರು ಬರುತ್ತದೆ.

ಡಾಂಬರು

ಫುಟ್‌ಪಾತ್ ಗೊಂದಲ ಮಾವನದು ಮಾತ್ರ ಅಲ್ಲ. ನಾನು ಸಿವಿಲ್ ಎಂಜಿನಿಯರ್, ಈಗ ಟೆಕ್ಸಾಸಿನಲ್ಲಿ. ರಸ್ತೆ ಪಕ್ಕ ಜನ ನಡೆಯೋ ಕಟ್ಟೆಗೆ ಭಾರತ, ಆಸ್ಟ್ರೇಲಿಯಾ, ಐರ್ಲೆಂಡ್‌ಗಳಲ್ಲಿ ‘ಫುಟ್‌ಪಾತ್’. ಇಂಗ್ಲೆಂಡಿನಲ್ಲಿ ‘ಪೇವ್‌ಮೆಂಟ್’. ಅಮೆರಿಕದಲ್ಲಿ ‘ಸೈಡ್‌ವಾಕ್’. ಅಮೆರಿಕದವರಿಗೆ ‘ಪೇವ್‌ಮೆಂಟ್’ ಅಂದರೆ ಗಾಡಿ ಓಡೋ ಡಾಂಬರು ಇಲ್ಲವೇ ಕಾಂಕ್ರೀಟು! ಇಂಗ್ಲೆಂಡಿನ ತಾಯಿ ಮಗುವಿಗೆ “ಪೇವ್‌ಮೆಂಟ್ ಮೇಲೇ ನಡಿ” ಅಂದರೆ ಬುದ್ಧಿಮಾತು, ಅದನ್ನೇ ಇಲ್ಲಿನವರಿಗೆ ಹೇಳಿದರೆ ಸಾಯೋಕೆ ಕಳಿಸಿದ ಹಾಗೆ. ಎಂಜಿನಿಯರುಗಳು ಮಾತ್ರ ಎಲ್ಲ ಕಡೆ ಅಮೆರಿಕದ ಅರ್ಥವನ್ನೇ ಹಿಡಿದಿದ್ದೇವೆ. ಊರಲ್ಲಿ ಐಆರ್‌ಸಿ 37 ಅನ್ನೋ ರಸ್ತೆ ವಿನ್ಯಾಸದ ಕೈಪಿಡಿ ಇಟ್ಟುಕೊಂಡು ನಾವು ಲೆಕ್ಕ ಹಾಕುತ್ತಿದ್ದ ‘ಫ್ಲೆಕ್ಸಿಬಲ್ ಪೇವ್‌ಮೆಂಟ್’ ಲಾರಿ ಓಡೋ ರಸ್ತೆಯೇ.

ಹಕ್ಕಿನ ಮಾತು ಬಂತಲ್ಲ, ಕಂಡಕಂಡಲ್ಲಿ ಬೀದಿ ದಾಟೋದಕ್ಕೆ ಇಲ್ಲಿ ಹೇಳೋ ‘ಜೇವಾಕಿಂಗ್’ ಪದ ನೋಡಿ. ‘ಜೇ’ ಅಂದರೆ ಆಗಿನ ಬೈಗುಳ, ಹಳ್ಳಿಗುಗ್ಗು ಅಂತ. ಇಪ್ಪತ್ತನೇ ಶತಮಾನದ ಆರಂಭದವರೆಗೂ ಅಮೆರಿಕದ ಊರಿನ ಬೀದಿ ಎಲ್ಲರದ್ದಾಗಿತ್ತು, ಮಕ್ಕಳು ಆಡುತ್ತಿದ್ದರು, ಗಾಡಿಯವನು ಮಾರುತ್ತಿದ್ದ. ಕಾರು ಬಂದು ಜನ ಸಾಯೋಕೆ ಶುರುವಾದಾಗ ತಪ್ಪು ಯಾರದು ಅನ್ನೋ ಜಗಳ ಎದ್ದಿತು. ಮೋಟಾರು ಕಡೆಯವರು ಈ ಪದವನ್ನ ಎಳೆದು ತಂದು 1920ರ ದಶಕದಲ್ಲಿ ಜೋರಾಗಿ ಹರಡಿದರು, ಊರೂರಲ್ಲಿ ಕಾನೂನೂ ಆಯ್ತು. ಬೀದಿ ದಾಟುವವನೇ ಅಪರಾಧಿಯಾದ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಈಚೆಗೆ ಅಪಾಯ ಇಲ್ಲದಾಗ ದಾಟಿದರೆ ಪೊಲೀಸರು ಹಿಡಿಯೋ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಮೋಟಾರ್‌ವೇ ಬಿಟ್ಟರೆ ಹೀಗೆ ದಾಟೋದು ಮೊದಲಿಂದಲೂ ಅಪರಾಧ ಅಲ್ಲ.

ಭಾಷೆ_ಗೀಳು

ದಾರಿ ‘ಓಡುವ’ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದು ನನ್ನ ಎಂ.ಎ. ಪಾಠದ ನಡುವೆ ಕೂತಿರುವ ವಿಷಯ. ನಿಂತಲ್ಲೇ ಇರುವ ವಸ್ತುವಿಗೆ ಚಲನೆಯ ಕ್ರಿಯಾಪದ ಹಾಕುವುದಕ್ಕೆ ಲೆನರ್ಡ್ ಟಾಲ್ಮಿ ಎಂಬ ವಿದ್ವಾಂಸರು ಕಲ್ಪಿತ ಚಲನೆ ಎನ್ನುತ್ತಾರೆ. ಕನ್ನಡದಲ್ಲೂ ಇದೆ: “ಈ ದಾರಿ ಎಲ್ಲಿಗೆ ಹೋಗುತ್ತೆ?”, “ಈ ರಸ್ತೆ ತುಮಕೂರು ಮೇಲೆ ಹೋಗುತ್ತೆ.” ಬಸ್ಸಿಗೂ ಇದೇ ಪ್ರಶ್ನೆ, ರಸ್ತೆಗೂ ಇದೇ ಪ್ರಶ್ನೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ವ್ಯತ್ಯಾಸ ಇರುವುದು ಬೇರೆ ಕಡೆ. ಇಂಗ್ಲಿಷಿನಲ್ಲಿ ದಾರಿ, ಬೇಲಿ, ಬೆಟ್ಟಸಾಲು ಎಲ್ಲವೂ ‘ರನ್’ ಆಗಬಹುದು. ಕನ್ನಡದಲ್ಲಿ ದಾರಿ ಹೋಗುತ್ತದೆ, ಬರುತ್ತದೆ, ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ, ಕವಲೊಡೆಯುತ್ತದೆ. ಓಡುವುದಿಲ್ಲ. ಪತ್ರಿಕೆಗಳಲ್ಲಿ ಎಲ್ಲಾದರೂ ಓಡಿದರೆ ಅದು ಇಂಗ್ಲಿಷಿನಿಂದ ಓಡಿ ಬಂದದ್ದು. ಬೇಲಿ, ಕರೆಂಟು ತಂತಿಯಂಥ ನಡೆಯಲಾಗದ ವಸ್ತುಗಳಿಗೆ ನಮ್ಮ ಮಾತು ಸಾಮಾನ್ಯವಾಗಿ ‘ಹೋಗಿದೆ’ ಎನ್ನುವ ರೂಪಕ್ಕೆ ಸರಿಯುತ್ತದೆ: “ಲೈನು ಗದ್ದೆ ಮೇಲೆ ಹೋಗಿದೆ”, “ಬೇಲಿ ತೋಟದ ಸುತ್ತ ಹೋಗಿದೆ”. ಚಲನೆ ಎಂದೋ ಮುಗಿದಂತೆ. ಇಂಗ್ಲಿಷಿನಲ್ಲಿ ಅದು ಸದಾ ವರ್ತಮಾನ. “ರಸ್ತೆ ಏರುತ್ತಾ ಇದೆ” ಎಂದು ನಡೆಯುತ್ತಿರುವ ಕ್ರಿಯೆಯಾಗಿ ಹೇಳಿದರೆ ಹೇಳುವವನು ಆ ರಸ್ತೆಯಲ್ಲೇ ಹೋಗುತ್ತಿದ್ದಾನೆ ಅಂತ ಅರ್ಥ.

ಕಲ್ಪಿತ ಅಂದರೂ ಓದುವವರ ತಲೆಯಲ್ಲಿ ಏನೋ ನಿಜವಾಗಿಯೇ ಚಲಿಸುತ್ತದೆ ಎಂದು ಟೀನಿ ಮ್ಯಾಟ್ಲಾಕ್ 2004ರಲ್ಲಿ ಪ್ರಕಟಿಸಿದ ಪ್ರಯೋಗ ಹೇಳುತ್ತದೆ. ಮರುಭೂಮಿಯಲ್ಲಿ ಕಾರು ಹೊಡೆದ ಒಂದು ಕಥೆ ಓದಿಸುತ್ತಾರೆ. ಕೆಲವರಿಗೆ ಕಾರು ವೇಗವಾಗಿ ಹೋದ ಕಥೆ, ಕೆಲವರಿಗೆ ನಿಧಾನವಾಗಿ ಹೋದದ್ದು. ಆಮೇಲೆ “ರಸ್ತೆ ಮರುಭೂಮಿಯನ್ನು ದಾಟುತ್ತದೆ” ಎಂಬರ್ಥದ ವಾಕ್ಯ. ನಿಧಾನದ ಕಥೆ ಓದಿದವರಿಗೆ ಆ ವಾಕ್ಯ ಓದಲೂ ಹೆಚ್ಚು ಹೊತ್ತು ಬೇಕಾಯಿತು. “ರಸ್ತೆ ಮರುಭೂಮಿಯಲ್ಲಿದೆ” ಎಂಬಂಥ ವಾಕ್ಯಕ್ಕೆ ಈ ವ್ಯತ್ಯಾಸ ಕಾಣಲಿಲ್ಲ.

ಸುಮ್ನೆ_ಓದುವವ

ಇದು ಪರವಾಗಿಲ್ಲ. ಒಂದು ಪ್ರಶ್ನೆ: ದಾರಿ ‘ಓಡುತ್ತೆ’ ಅಂತಾರೆ ಸರಿ, ಹಾಗಾದ್ರೆ ‘ನಡೆಯುತ್ತೆ’ ಅಂತ ಯಾಕೆ ಅನ್ನಲ್ಲ? ನಡೆಯೋಕೆ ತಾನೇ ದಾರಿ ಇರೋದು?

ಭಾಷೆ_ಗೀಳು

ಒಳ್ಳೆಯ ಪ್ರಶ್ನೆ ಸರ್. ಯೋ ಮಾತ್ಸುಮೊಟೊ ಎಂಬುವರು 1996ರಲ್ಲಿ ಇಂಗ್ಲಿಷ್ ಮತ್ತು ಜಪಾನಿ ಹೋಲಿಸಿ ಬರೆದದ್ದರಲ್ಲಿ ಉತ್ತರ ಇದೆ. ದಾರಿಯ ಆಕಾರಕ್ಕೆ ಸಂಬಂಧ ಇದ್ದರೆ ಮಾತ್ರ ಚಲನೆಯ ರೀತಿ ಒಳಗೆ ಬರುತ್ತದೆ. ಅಂಕುಡೊಂಕಾಗಿ ಹೋಗುವುದು, ಸುತ್ತುವುದು, ಜಿಗ್‌ಜಾಗ್ ಇವೆಲ್ಲ ಆಕಾರದ ಸುದ್ದಿ. ನಡೆಯುವುದು ಕಾಲಿನ ಸುದ್ದಿ, ಅದು ದಾರಿಯ ಬಗ್ಗೆ ಏನೂ ಹೇಳುವುದಿಲ್ಲ. ‘ರನ್’ ಕಾಲನ್ನು ಮರೆತು ನೀರಿನ ಹಾಗೆ ಹರಿಯುವುದಕ್ಕೂ ಬಳಕೆಯಾಗುವ ಪದ, ಅದಕ್ಕೇ ಅದು ಒಳಗೆ ನುಸುಳುತ್ತದೆ.

ಪೀಕ್_ನಡಿಗೆ

ನಿಮ್ಮೆಲ್ಲರ ಮಾತು ಕೇಳಿಕೊಂಡು ಈಡೇಲಿನ ಮೊದಲ ಭಾಗ ಬರೆದಿದ್ದೇನೆ. ನೋಡಿ ಹೇಳಿ:

“ರೈಲು ಇಳಿದು ಊರೊಳಗಿನ ರಸ್ತೆಯಲ್ಲಿ ‘ಓಲ್ಡ್ ನ್ಯಾಗ್ಸ್ ಹೆಡ್’ ಪಬ್ಬಿನ ತನಕ ಬನ್ನಿ. ಪೆನೈನ್ ವೇ ಎಂಬ 268 ಮೈಲಿಯ ಕಾಲುದಾರಿ ಶುರುವಾಗುವುದು ಇಲ್ಲೇ. ಪಬ್ಬಿನ ಎದುರಿಗೆ ಎಡಕ್ಕೆ ಹೊರಳುವ ಕಾಲುದಾರಿ ಮೊದಲು ಮರಗಳ ನಡುವಿನ ತಗ್ಗಿನಲ್ಲಿ ಹೋಗಿ ಹೊಲಕ್ಕೆ ಬೀಳುತ್ತದೆ. ಅಪ್ಪರ್ ಬೂತ್ ಎಂಬ ನಾಲ್ಕು ಮನೆಯ ಊರಿನವರೆಗೆ ಹೊಲದಲ್ಲೇ ನಡಿಗೆ. ಅಲ್ಲಿಂದ ಓಣಿರಸ್ತೆ, ಫಾರ್ಮ್ ಮನೆ ದಾಟಿದ ಮೇಲೆ ಬಂಡಿಜಾಡು, ಆ ಜಾಡು ಹಳೆಯ ಹೇರುಗುದುರೆಯ ಕಲ್ಲುಸೇತುವೆಗೆ ತಲುಪುತ್ತದೆ. ಸೇತುವೆ ದಾಟಿದರೆ ಜೇಕಬ್ಸ್ ಲ್ಯಾಡರ್, ಕಲ್ಲು ಮೆಟ್ಟಿಲು. ಇಲ್ಲಿ ಉಸಿರು ಹಿಡಿದು ಹತ್ತಬೇಕು.”

ವಕೀಲ_ಧಾರವಾಡ

ಚಲೋ ಆಗೇತಿ. ‘ಹೊಳೆಯ ಪಕ್ಕದಲ್ಲೇ’ ಅಂತ ಎಲ್ಲೆರ ಬಂದ್ರ ‘ಹೊಳಿಗುಂಟ’ ಅಂತ ಬರೀರಿ. ಗೋಡಿಗುಂಟ, ದಂಡಿಗುಂಟ. ಇಂಗ್ಲಿಷಿನವರ ‘ಅಲಾಂಗ್’ ಅನ್ನೂದಕ್ಕ ಇದಕ್ಕಿಂತ ಸಣ್ಣ ಮಾತು ಇಲ್ಲ.

ಸಾಗರದ_ಮೇಷ್ಟ್ರು

ಬೇಲಿ ಅಥವಾ ಕಲ್ಲುಗೋಡೆ ದಾಟಲು ಅಲ್ಲಿ ಹತ್ತಿ ಇಳಿಯುವ ಮೆಟ್ಟಿಲು ಇರುತ್ತದೆ, ‘ಸ್ಟೈಲ್’ ಎನ್ನುತ್ತಾರೆ. ನಿಮ್ಮ ಗುಂಪಿನಲ್ಲಿ ಮಲೆನಾಡಿನವರಿದ್ದರೆ ಅದಕ್ಕೆ ‘ತಡಬೆ’ ಎಂದೇ ಬರೆಯಿರಿ. ದನ ಬರಬಾರದು, ಮನುಷ್ಯ ಬರಬೇಕು, ಇಂಗ್ಲೆಂಡಿನ ರೈತನಿಗೂ ನಮ್ಮ ಅಡಿಕೆ ತೋಟದವನಿಗೂ ಒಂದೇ ಚಿಂತೆ. ಮತ್ತೆ, ಪಬ್ಬಿನ ಎದುರಿನ ಆ ತಗ್ಗು ದಾರಿ ಇದೆಯಲ್ಲ, ಅಂಥವು ದಕ್ಷಿಣದ ಡಾರ್ಸೆಟ್ ಕಡೆ ಬಹಳ ಆಳವಾಗಿರುತ್ತವೆ, ಆಳೆತ್ತರಕ್ಕಿಂತ ಹೆಚ್ಚು. ಮೆದು ಮರಳುಗಲ್ಲಿನ ಮೇಲೆ ಶತಮಾನಗಟ್ಟಲೆ ಗಾಡಿ, ದನ, ಕಾಲು ಓಡಾಡಿ, ಮಳೆನೀರು ಕೊಚ್ಚಿ ಆದದ್ದು. ‘ಹಾಲೋವೇ’ ಎಂದು ಹೆಸರು.

ಸಂದಿಗಳ ಹೆಸರುಗಳಂತೂ ಊರಿಗೊಂದು. ಯಾರ್ಕ್‌ಶೈರ್, ಲ್ಯಾಂಕಾಶೈರ್‌ನಲ್ಲಿ ‘ಗಿನೆಲ್’, ‘ಸ್ನಿಕೆಟ್’. ಸಸೆಕ್ಸಿನಲ್ಲಿ ‘ಟ್ವಿಟ್ಟನ್’. ಲೆಸ್ಟರ್ ಕಡೆ ‘ಜಿಟ್ಟಿ’. ಸ್ಕಾಟ್‌ಲೆಂಡಿನಲ್ಲಿ ‘ವೈಂಡ್’, ‘ಕ್ಲೋಸ್’. ಯಾರ್ಕ್ ಊರಿಗೆ ಹೋದರೆ ಇನ್ನೂ ಮಜಾ. ವೈಕಿಂಗರು ಬಿಟ್ಟುಹೋದ ಮಾತಿನಿಂದ ಅಲ್ಲಿ ಬೀದಿಗೆ ‘ಗೇಟ್’: ಸ್ಟೋನ್‌ಗೇಟ್, ಕಾಪರ್‌ಗೇಟ್. ಕೋಟೆ ಬಾಗಿಲಿಗೆ ‘ಬಾರ್’: ಮಿಕಲ್‌ಗೇಟ್ ಬಾರ್. ಆ ಊರಿನವರೇ ನಗುತ್ತಾ ಹೇಳುತ್ತಾರೆ, ನಮ್ಮಲ್ಲಿ ಬೀದಿ ಗೇಟು, ಗೇಟು ಬಾರು, ಬಾರು ಪಬ್ಬು.

ಡಾಂಬರು

ಹೆಸರು ಬೇಕಾದ ಹಾಗೆ ಬೆಳೆಯೋದು ಹಳೇ ಊರಲ್ಲಿ. ಇಲ್ಲಿ ಕೂತು ಗೀಟು ಹಾಕಿದ್ದು. 1811ರಲ್ಲಿ ಮ್ಯಾನ್‌ಹಾಟನ್ನಿಗೆ ನಕ್ಷೆ ಮಾಡಿದವರು ಉದ್ದಕ್ಕೆ 12 ‘ಅವೆನ್ಯೂ’, ಅಡ್ಡಕ್ಕೆ 155 ‘ಸ್ಟ್ರೀಟ್’ ಅಂತ ಎಳೆದುಬಿಟ್ಟರು, ಆಗ ಅದರಲ್ಲಿ ಬಹುಪಾಲು ಹೊಲ, ಗುಡ್ಡ. ಅರಿಝೋನಾದ ಟೂಸಾನಿನಲ್ಲಿ ಎರಡಕ್ಕೂ ಓರೆಯಾಗಿ ಹೋಗೋ ರಸ್ತೆಗೆ ‘ಸ್ಟ್ರಾವೆನ್ಯೂ’ ಅಂತ ಹೆಸರಿಟ್ಟಿದ್ದಾರೆ, ಅಂಚೆ ಇಲಾಖೆ ಒಪ್ಪಿದ ಹೆಸರು. ನಮ್ಮ ಬೆಂಗಳೂರಿನ ಬಡಾವಣೆಯವರು ಇದಕ್ಕಿಂತ ವಾಸಿ, ಮೇನು ಮತ್ತು ಕ್ರಾಸು, ಮುಗೀತು.

ತಿದ್ದುಪಡಿ_ಮೇಜು

ಇಂಗ್ಲಿಷ್ ಪ್ರತಿ ತಿದ್ದುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ‘ಕೆರಿಯರ್ ಪಾತ್’ ಪ್ರಶ್ನೆಗೆ ನಾನು ಕೈ ಹಾಕುತ್ತೇನೆ. ನನ್ನ ಅನುಭವದಲ್ಲಿ ಈ ಪದಗಳು ರೂಪಕವಾದ ಮೇಲೂ ನೆಲದ ಗುಣವನ್ನು ಪೂರ್ತಿ ಬಿಡುವುದಿಲ್ಲ. ‘ಪಾತ್’ ಕಿರಿದು, ಕಾಲ್ನಡಿಗೆಯದು, ಹೆಚ್ಚಾಗಿ ಒಬ್ಬರದ್ದು. ಅದಕ್ಕೇ ಒಬ್ಬ ನೌಕರನ ಬೆಳವಣಿಗೆ, ಒಬ್ಬ ಸನ್ಯಾಸಿಯ ಸಾಧನೆ ಅದರಲ್ಲಿ ಬರುತ್ತದೆ. ‘ರೋಡ್’ ದೂರದ್ದು, ದಣಿವಿನದು, ಕೊನೆಯಲ್ಲಿ ಒಂದು ಊರು ಇರಲೇಬೇಕು: ‘ರೋಡ್ ಟು ರಿಕವರಿ’, ‘ರೋಡ್ ಟು ವಾರ್’. ‘ರೂಟ್’ ಮೊದಲೇ ನಕ್ಷೆಯಲ್ಲಿ ಗುರುತಿಸಿಕೊಂಡದ್ದು, ಆದ್ದರಿಂದ ವ್ಯಾಪಾರದವರಿಗೆ ಇಷ್ಟ. ‘ಟ್ರ್ಯಾಕ್’ ಹಿಂದೆ ಹೋದದ್ದರ ಗುರುತು ಅಥವಾ ಹಳಿ, ಬಿಟ್ಟು ಸರಿದರೆ ತಪ್ಪು. ‘ಲೇನ್’ ಇತ್ತೀಚೆಗೆ ಬಾಯಿ ಮುಚ್ಚಿಸುವ ಪದವಾಗಿದೆ: ನಿನ್ನ ಲೇನಿನಲ್ಲಿ ನೀನಿರು. ‘ಅವೆನ್ಯೂ’ ದೊಡ್ಡವರ ಮನೆಗೆ ಹೋಗುವ ಸಾಲುಮರದ ದಾರಿಯಾಗಿತ್ತು, ರೂಪಕದಲ್ಲೂ ಸೂಟು ಬೂಟು ಬಿಟ್ಟಿಲ್ಲ. ಎಲ್ಲ ಅವೆನ್ಯೂಗಳನ್ನೂ ಪರಿಶೀಲಿಸುತ್ತಿದ್ದೇವೆ ಎಂದು ಯಾವುದಾದರೂ ಕಚೇರಿಯಿಂದ ಪತ್ರ ಬಂದರೆ ನಿಮ್ಮ ಕೆಲಸ ಆಗುವುದಿಲ್ಲ ಎಂದು ತಿಳಿಯಿರಿ.

‘ವೇ’ ಮಾತ್ರ ನೆಲವನ್ನು ಬಿಟ್ಟು ಬಹಳ ಮೇಲೆ ಹೋಗಿದೆ. ಹೆಚ್ಚಿನ ವಾಕ್ಯಗಳಲ್ಲಿ ಅದಕ್ಕೆ ‘ರೀತಿ’, ‘ಬಗೆ’ ಎಂದೇ ಅರ್ಥ.

ಸಾಗರದ_ಮೇಷ್ಟ್ರು

ನಮ್ಮಲ್ಲೂ ಆ ಹಾರಾಟ ಇದೆ. ‘ಪದ್ಧತಿ’ ಎಂದರೆ ಮೂಲದಲ್ಲಿ ಪಾದದಿಂದ ತುಳಿದದ್ದು, ಅಂದರೆ ಕಾಲುದಾರಿಯೇ. ಇಂಗ್ಲಿಷಿನ ‘ಮೆಥಡ್’ ಒಳಗೂ ದಾರಿ ಎಂಬರ್ಥದ ಗ್ರೀಕ್ ಪದ ಕೂತಿದೆ. ‘ಆನೋಡ್’, ‘ಕ್ಯಾಥೋಡ್’ ಹೆಸರುಗಳಲ್ಲೂ ಅದೇ ಪದ, ಒಂದು ಮೇಲು ದಾರಿ, ಇನ್ನೊಂದು ಕೆಳ ದಾರಿ. 1834ರಲ್ಲಿ ಫ್ಯಾರಡೆ ಆ ಹೆಸರುಗಳನ್ನು ಬಳಕೆಗೆ ತಂದದ್ದು ವಿಲಿಯಂ ಹ್ಯೂಯೆಲ್ ಎಂಬ ಪಂಡಿತರ ಸಲಹೆ ಕೇಳಿ. ‘ಟ್ರಿವಿಯಲ್’ ಮೂರು ದಾರಿ ಕೂಡುವ ಜಾಗದ ಮಾತಿನಿಂದ ಹುಟ್ಟಿದ್ದು.

ಸುಮ್ನೆ_ಓದುವವ

ಒಪ್ಪಲ್ಲ. ತಿದ್ದುಪಡಿ ಮೇಜಿನವರ ಲೆಕ್ಕ ಚೆನ್ನಾಗಿ ಕಾಣುತ್ತೆ, ಆದರೆ ನನಗೆ ಹಿಡಿಸಿದ ವಿಷಯಕ್ಕೆ ಇಂಗ್ಲೆಂಡಿನವನು ‘ನನ್ನ ಸ್ಟ್ರೀಟು’ ಅಂತಾನೆ, ಅಮೆರಿಕದವನು ‘ನನ್ನ ಆಲಿ’ ಅಂತಾನೆ. ಬೀದಿಗೂ ಸಂದಿಗೂ ನೆಲದ ಗುಣ ಒಂದೇನಾ? ಮೋಸ ಹೋದ ಮನುಷ್ಯನನ್ನ ಇಂಗ್ಲೆಂಡಿನಲ್ಲಿ ತೋಟದ ಪಾತಿನಲ್ಲಿ ‘ಮೇಲಕ್ಕೆ’ ಕರ್ಕೊಂಡು ಹೋಗ್ತಾರೆ, ಅಮೆರಿಕದಲ್ಲಿ ‘ಕೆಳಕ್ಕೆ’. ಅರ್ಧ ರೂಢಿ, ಅರ್ಧ ಕಾಕತಾಳೀಯ.

ತಿದ್ದುಪಡಿ_ಮೇಜು

ಅರ್ಧ ಕೊಟ್ಟಿರಲ್ಲ, ಅಷ್ಟು ಸಾಕು. ತೋಟದ ದಾರಿ ಅಂದಿರಿ, ಭಾಷಾವಿಜ್ಞಾನದಲ್ಲಿ ‘ಗಾರ್ಡನ್ ಪಾತ್’ ವಾಕ್ಯ ಅಂತಲೇ ಒಂದು ಜಾತಿ ಇದೆ. ಥಾಮಸ್ ಬೀವರ್ 1970ರಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧ: ‘ದ ಹಾರ್ಸ್ ರೇಸ್ಡ್ ಪಾಸ್ಟ್ ದ ಬಾರ್ನ್ ಫೆಲ್’. ಕುದುರೆ ಕೊಟ್ಟಿಗೆ ದಾಟಿ ಓಡಿತು ಎಂದು ಓದಿಕೊಂಡು ಹೋಗುತ್ತೀರಿ, ಕೊನೆಯ ಪದಕ್ಕೆ ಮುಗ್ಗರಿಸಿ ಹಿಂದಕ್ಕೆ ಬರಬೇಕು. ಅಸಲು ಅರ್ಥ, ಕೊಟ್ಟಿಗೆ ದಾಟಿಸಿ ಓಡಿಸಿದ ಕುದುರೆ ಬಿತ್ತು. ಇಂಥ ವಾಕ್ಯ ದಿನಕ್ಕೊಂದಾದರೂ ನನ್ನ ಮೇಜಿಗೆ ಬರುತ್ತದೆ.

ನೈಟ್_ಶಿಫ್ಟ್

ನಾನು ಮ್ಯಾಂಚೆಸ್ಟರಿನಲ್ಲಿ ನರ್ಸ್, ಊರು ಪುತ್ತೂರು. ರೂಢಿ, ಕಾಕತಾಳೀಯ ಅಂತ ತಮಾಷೆ ಮಾಡ್ಲಿಕ್ಕೆ ಆಗದ ಒಂದು ಸಂಗತಿ ಇಲ್ಲಿ ಉಂಟು ಮಾರಾಯ್ರೆ. ಸಾವು ಹತ್ತಿರ ಬಂದ ರೋಗಿಗಳನ್ನು ಹೇಗೆ ನೋಡಿಕೊಳ್ಳುದು ಅಂತ 1990ರ ದಶಕದ ಕೊನೆಗೆ ಲಿವರ್‌ಪೂಲಿನಲ್ಲಿ ಒಂದು ಕ್ರಮ ಮಾಡಿದ್ರು. ಹಾಸ್ಪಿಸಿನಲ್ಲಿ, ಅಂದ್ರೆ ಕೊನೆಗಾಲದ ರೋಗಿಗಳಿಗೇ ಇರುವ ಮನೆಯಲ್ಲಿ, ಸಿಗುವ ಆರೈಕೆ ಸಾಮಾನ್ಯ ವಾರ್ಡಿನಲ್ಲೂ ಸಿಗ್ಲಿ ಅಂತ. ನೋವಿಗೆ ಮದ್ದು, ಬಾಯಿ ಒದ್ದೆ ಮಾಡುದು, ಬೇಡದ ಪರೀಕ್ಷೆ ನಿಲ್ಲಿಸುದು, ಮನೆಯವರ ಹತ್ರ ಮಾತಾಡುದು, ಎಲ್ಲದಕ್ಕೂ ಪಟ್ಟಿ. ಹೆಸರು ‘ಲಿವರ್‌ಪೂಲ್ ಕೇರ್ ಪಾತ್‌ವೇ’. ಆಸ್ಪತ್ರೆ ಭಾಷೆಯಲ್ಲಿ ‘ಪಾತ್‌ವೇ’ ಅಂದ್ರೆ ಹೆದರುವಂಥದ್ದು ಎಂತದೂ ಇಲ್ಲ. ಮಂಡಿ ಆಪರೇಷನ್ನಿಗೂ ಪಾತ್‌ವೇ, ಸಕ್ಕರೆ ಕಾಯಿಲೆಗೂ ಪಾತ್‌ವೇ, ಮೊದಲು ಇದು ಆಮೇಲೆ ಅದು ಅಂತ ಕೆಲಸದ ಕ್ರಮ ಅಷ್ಟೆ.

ಆದ್ರೆ ಮನೆಯವರು ಅದನ್ನು ಹಾಗೆ ಕೇಳ್ಲಿಲ್ಲ. “ನಿಮ್ಮ ಅಮ್ಮನನ್ನು ಪಾತ್‌ವೇ ಮೇಲೆ ಹಾಕಿದ್ದೇವೆ” ಅಂದ್ರೆ ಅವರಿಗೆ ಕೇಳಿದ್ದು ಎಂತ? ದಾರಿ ಅಂದ್ರೆ ಅದಕ್ಕೊಂದು ಕೊನೆ ಉಂಟು, ಆ ಕೊನೆಗೇ ಕಳಿಸ್ತಿದ್ದಾರೆ, ಹಿಂದೆ ಬರ್ಲಿಕ್ಕೆ ಇಲ್ಲ. ಕೆಲವು ಕಡೆ ನೀರು ಕೊಡದೆ, ಮನೆಯವರಿಗೆ ಸರಿಯಾಗಿ ಹೇಳದೆ ಮಾಡಿದ್ದೂ ಇತ್ತು, ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯ್ತು. ಸರ್ಕಾರ ಜೂಲಿಯಾ ನ್ಯೂಬರ್ಗರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, 2013ರ ಜುಲೈಯಲ್ಲಿ ವರದಿ ಬಂತು. ಸರಿಯಾಗಿ ಮಾಡಿದ ಕಡೆ ಒಳ್ಳೆಯ ಸಾವು ಸಿಕ್ಕಿದೆ ಅಂತಲೂ ಹೇಳಿದ್ರು, ಆದರೆ ಆ ಕ್ರಮವನ್ನು ಹಂತಹಂತವಾಗಿ ನಿಲ್ಲಿಸಿ ಅಂದ್ರು. ನನಗೆ ನೆನಪಲ್ಲಿ ಉಳಿದದ್ದು ಹೆಸರಿನ ಬಗ್ಗೆ ಅವರು ಮಾಡಿದ ಶಿಫಾರಸು. ಸಾಯುವವರ ಆರೈಕೆಯಲ್ಲಿ ‘ಪಾತ್‌ವೇ’ ಪದವೇ ಬೇಡ, ‘ಪ್ಲ್ಯಾನ್’ ಅಂದ್ರೆ ಸಾಕು ಅಂತ. 2014ಕ್ಕೆ ಅದು ಹೋಯ್ತು.

ನಮ್ಮ ವಾರ್ಡಿನಲ್ಲಿ ಈಗಲೂ ಮಂಡಿಗೆ ಪಾತ್‌ವೇ ಉಂಟು. ಪಕ್ಕದ ಹಾಸಿಗೆಯಲ್ಲಿ ಕೊನೆಯ ದಿನ ಎಣಿಸುವವರ ಫೈಲಿನಲ್ಲಿ ಮಾತ್ರ ಆ ಪದ ಬರುದಿಲ್ಲ. ಹೊಸದಾಗಿ ಊರಿಂದ ಬಂದ ನರ್ಸುಗಳಿಗೆ ಇದು ಅರ್ಥ ಆಗುದಿಲ್ಲ, ಯಾಕೆಂದ್ರೆ ನಮಗೆ ಅದು ಬರೀ ಇಂಗ್ಲಿಷ್ ಪದ.

ಭಾಷೆ_ಗೀಳು

ಇದು ನನಗೆ ಗೊತ್ತಿರಲಿಲ್ಲ ಅಕ್ಕ. ನಾವು ಯೋಚಿಸುವುದೇ ರೂಪಕಗಳಲ್ಲಿ ಎಂದು ಲೇಕಾಫ್ ಮತ್ತು ಜಾನ್ಸನ್ ಎಂಬ ವಿದ್ವಾಂಸರು 1980ರಲ್ಲಿ ಬರೆದ ಮೇಲೆ, ಬದುಕು ಎಂಬುದು ಪ್ರಯಾಣ ಎಂದು ಎಲ್ಲರೂ ಉರು ಹೊಡೆಯುತ್ತೇವೆ. ಪ್ರಯಾಣದಲ್ಲಿ ಯಾರು ಹೋಗುತ್ತಿದ್ದಾರೆ, ಯಾರು ಕಳಿಸುತ್ತಿದ್ದಾರೆ ಎಂದು ಕೇಳುವುದಿಲ್ಲ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಎಲೆನಾ ಸೆಮಿನೊ ಅವರ ತಂಡ ಕ್ಯಾನ್ಸರ್ ರೋಗಿಗಳ ಮಾತು ಸಂಗ್ರಹಿಸಿ ನೋಡಿದೆ. ‘ಯುದ್ಧ’ ಕೆಟ್ಟ ರೂಪಕ, ‘ಪ್ರಯಾಣ’ ಒಳ್ಳೆಯದು ಎಂದು ಸುಲಭವಾಗಿ ಹೇಳಲಾಗುವುದಿಲ್ಲ ಎಂಬುದು ಅವರು ಕಂಡದ್ದು. ಕೆಲವರಿಗೆ ಯುದ್ಧ ಹುರುಪು ಕೊಡುತ್ತದೆ. ಕೆಲವರಿಗೆ ಪ್ರಯಾಣ ಎಂದರೆ, ನಾನು ಹೊರಡಬೇಕು ಅಂತ ಕೇಳಿದ್ದೆನಾ ಎಂಬ ಸಿಟ್ಟು.

ಪೀಕ್_ನಡಿಗೆ

ನೈಟ್ ಶಿಫ್ಟ್ ಅವರೇ, ಓದಿ ಸ್ವಲ್ಪ ಹೊತ್ತು ಸುಮ್ಮನಾದೆ. ನಮ್ಮ ಕಡೆ ‘ದಾರಿಗೆ ಬಂದ’ ಅಂದರೆ ಬುದ್ಧಿ ಬಂತು ಅಂತ, ‘ಬೀದಿಗೆ ಬಂದ’ ಅಂದರೆ ಮುಳುಗಿದ ಅಂತ. ದಾರಿಗೂ ಬೀದಿಗೂ ಇಷ್ಟು ದೂರ ಇದೆ ಅನ್ನುವುದನ್ನು ಹೊರಗಿನವರಿಗೆ ಹೇಗೆ ಹೇಳುವುದು.

ನೈಟ್_ಶಿಫ್ಟ್

ನಮ್ಮ ಪುತ್ತೂರಿನಲ್ಲಿ ‘ಮಾರ್ಗ’ ಅಂದ್ರೆ ಬಸ್ಸು ಹೋಗುವ ಡಾಂಬರು ರಸ್ತೆ, ಗೊತ್ತುಂಟಲ್ವಾ? “ಮಾರ್ಗಕ್ಕೆ ಹೋಗ್ಬೇಡ, ಲಾರಿ ಬರ್ತದೆ.” ಬೆಂಗಳೂರಿನ ಗೆಳತಿಗೆ ಅದು ಏನೋ ಮೋಕ್ಷದ ಮಾತಿನ ಹಾಗೆ ಕೇಳ್ತದಂತೆ.

ವಕೀಲ_ಧಾರವಾಡ

ಅಕ್ಕಾರ, ಕಿಂಡರ್‌ಗೆ ಹೊಂಟೀರಿ ಅಂದ್ರ ಒಂದು ಮಾತು ನಿಮ್ಮ ಮಾವನವರಿಗೆ ಹೇಳ್ರಿ. ಆ ಗುಡ್ಡದ ಮ್ಯಾಲಿನ ಬಯಲು ಆವಾಗ ಶ್ರೀಮಂತರ ಹಕ್ಕಿ ಬೇಟೆ ಜಾಗ, ಕಾಲಿಡಂಗಿದ್ದಿಲ್ಲ. 1932ರ ಏಪ್ರಿಲ್ 24ಕ್ಕ ಮ್ಯಾಂಚೆಸ್ಟರ್, ಶೆಫೀಲ್ಡಿನ ಕೆಲಸಗಾರ ಹುಡುಗ್ರು ನೂರಾರು ಮಂದಿ ಬೇಕಂತಲೇ ಹತ್ತಿದ್ರು. ಮುಂದಾಳು ಬೆನ್ನಿ ರಾತ್‌ಮನ್, ಆಗಿನ್ನೂ 20 ವರ್ಷದಾಂವ. ಬೇಟೆ ಕಾವಲುಗಾರರ ಜೋಡಿ ಜಟಾಪಟಿ ಆತು, ಐದು ಮಂದಿಗೆ ಜೇಲಾತು. ಆಮ್ಯಾಲೆ 1949ಕ್ಕ ರಾಷ್ಟ್ರೀಯ ಉದ್ಯಾನದ ಕಾಯ್ದೆ, 1951ಕ್ಕ ಪೀಕ್ ಡಿಸ್ಟ್ರಿಕ್ಟ್ ಮೊದಲನೇ ಉದ್ಯಾನ, 1965ಕ್ಕ ಪೆನೈನ್ ವೇ. ಗೀಟು ಹಾಕಿದ ಹಾದಿ ಬಿಟ್ಟು ಬಯಲಿನ್ಯಾಗೂ ಅಡ್ಡಾಡೂ ಹಕ್ಕು ಸಿಕ್ಕಿದ್ದು 2000ದ ಕಾಯ್ದೆದಾಗ.

ಆ ಕಾಯ್ದೆದಾಗ ಒಂದು ಮುಳ್ಳೂ ಇತ್ತು. ನಕಾಶೆಕ್ಕ ಹತ್ತದ ಹಳೇ ದಾರಿ 2026ರ ಜನವರಿ ಒಂದರ ಒಳಗ ದಾಖಲ ಆಗದಿದ್ರ ಹಕ್ಕು ಹೋತು ಅಂತ. ಅದನ್ನ 2031ಕ್ಕ ದೂಡಿದ್ರು, 2024ರ ಡಿಸೆಂಬರ್‌ದಾಗ ಆ ಗಡುವನ್ನ ತಗದ ಹಾಕ್ತೇವಿ ಅಂತ ಸರ್ಕಾರ ಹೇಳೇತಿ. ಇಂಗ್ಲೆಂಡ್, ವೇಲ್ಸ್ ಕೂಡಿ ದಾಖಲ ಆದ ದಾರಿನ ಸುಮಾರು 1,40,000 ಮೈಲಿ ಐತಿ. ಸ್ಕಾಟ್‌ಲೆಂಡಿಂದು ಬ್ಯಾರೆ ಲೆಕ್ಕ, 2003ರ ಕಾಯ್ದೆ ಪ್ರಕಾರ ಅಲ್ಲೆ ಬಹುತೇಕ ಎಲ್ಲಾ ಕಡೆ ಅಡ್ಡಾಡಬಹುದು.

ಪೀಕ್_ನಡಿಗೆ

ಇದು ಬರೀ ವಿವರದಲ್ಲಿ ಮುಗಿಯುವುದಲ್ಲ, ಮೆಟ್ಟಿಲ ಬುಡದಲ್ಲಿ ಕೂತು ಹೇಳುತ್ತೇನೆ. ಮೇಲಿನ ಕರಿಜೌಗಿನ ಮೇಲೆ ಕಾಲು ಹೂಳದಂತೆ ಹಾಸುಗಲ್ಲು ಹಾಕಿದ್ದಾರೆ, ಅವೂ ಉತ್ತರದ ಕೆಡವಿದ ಹತ್ತಿ ಗಿರಣಿಗಳ ನೆಲಗಲ್ಲುಗಳಂತೆ. ಅದೇ ಗಿರಣಿ ಕೆಲಸಗಾರರ ಮಕ್ಕಳು ಹತ್ತಿದ ಗುಡ್ಡ ಅಲ್ಲವೇ.

ಹಳಿ_ಪಕ್ಕ

ತಡವಾಗಿ ಬಂದೆ. ಅರಸೀಕೆರೆ ಕಡೆ ರೈಲ್ವೆಯಲ್ಲಿದ್ದೀನಿ. ಮೇಲೆ ಕೆಳಗೆ ಅನ್ನೋ ವಿಷಯ ಯಾರೂ ಎತ್ತಲಿಲ್ಲವಲ್ಲ. ಇಂಗ್ಲಿಷಿನವರ ಹಳೇ ರೂಢಿಯಲ್ಲಿ ಲಂಡನ್ನಿಗೆ ಹೊರಡೋದು ‘ಅಪ್’, ಗುಡ್ಡದ ಮೇಲಿಂದ ಇಳಿದು ಹೋದರೂ. ಅಲ್ಲಿನ ರೈಲಿನಲ್ಲೂ ಸಾಮಾನ್ಯವಾಗಿ ಲಂಡನ್ ಕಡೆ ಹೋಗೋದು ಅಪ್ ಲೈನು, ಲಂಡನ್ ಬಿಟ್ಟು ಹೋಗೋದು ಡೌನ್ ಲೈನು. ಆ ಕ್ರಮ ರೈಲಿನ ಜೊತೆಗೇ ನಮ್ಮಲ್ಲಿಗೂ ಬಂತು. ಕಡೂರಿನಿಂದ ದಿನಾ ಬೆಂಗಳೂರಿಗೆ ಹೋಗಿ ಬರೋ ಪಾಸಿನವರು “ಅಪ್ ಅಂಡ್ ಡೌನ್ ಮಾಡ್ತಾ ಇದ್ದೀನಿ” ಅಂತಾರಲ್ಲ, ಹುಟ್ಟಿದ್ದು ಹೀಗೆ ಅಂತ ನನ್ನ ಎಣಿಕೆ. ಈಗ ಬಸ್ಸಿನಲ್ಲಿ ಓಡಾಡೋರೂ ಅದನ್ನೇ ಅಂತಾರೆ.

ಸುಮ್ನೆ_ಓದುವವ

ಅದರಲ್ಲಿ ಅಪ್ ಯಾವುದು ಡೌನ್ ಯಾವುದು ಸಾರ್? ಬೆಂಗಳೂರಿಗೆ ಹೋಗೋದಾ, ಮನೆಗೆ ಬರೋದಾ?

ಹಳಿ_ಪಕ್ಕ

ಸಿಗ್ನಲ್ ಕ್ಯಾಬಿನ್‌ನಲ್ಲಿ ಕೇಳಿದರೆ ಒಂದು ಉತ್ತರ ಇರುತ್ತೆ. ಪಾಸಿನವರನ್ನ ಕೇಳಿದರೆ ಸೀಟು ಸಿಕ್ಕಿದ್ದು ಅಪ್ಪು, ಸಿಗದೇ ಇದ್ದದ್ದು ಡೌನು.